ಬೇಲಿಯೊಳಗಿನ ಗೋರಿ

ಒಕಿನಾವಾದ ನಮ್ಮ ಸೀಮೆಯಲ್ಲಿ ಅಮೆರಿಕದ ಸೇನೆಯ ಬೇಲಿಗೆ ಏನನ್ನೂ ಕಳೆದುಕೊಳ್ಳದ ಮನೆಯಿಲ್ಲ. ಕೆಲವರ ಹೊಲ ಹೋಯಿತು, ಕೆಲವರ ಬಾವಿ ಹೋಯಿತು. ತೊಕೆಶಿಯವರದು ಎಲ್ಲವೂ ಹೋಯಿತು. ಆಮೇಲೆ ಆ ಮನೆಯ ಒಬ್ಬನೇ ಮಗ ಮಸಾನೊರಿ ಓದಿ ಇಂಜಿನಿಯರ್ ಆಗಿ, ಅದೇ ಸೇನೆಗೆ ಕಟ್ಟಡ ಕಟ್ಟಿಕೊಡುವ ಕಚೇರಿಗೆ ಸೇರಿದ. ಊರವರು ಮೂಗು ಮುರಿಯುವ ಮೊದಲೇ ಅವನ ತಾಯಿ ಉಶಿ ಎಲ್ಲರ ಬಾಯಿ ಮುಚ್ಚಿಸಿದಳು. "ನೆಲ ಕಿತ್ಕೊಂಡೋರು ಸಂಬಳನಾದ್ರೂ ಕೊಡ್ಲಿ ಬಿಡ್ರೇ. ನಿಮ್ಮ ಮಕ್ಕಳು ಅವರ ಪಾತ್ರೆ ತೊಳೀತಾರೆ, ನನ್ನ ಮಗ ಅವರ ಗೋಡೆ ನೆಟ್ಟಗಿದೆಯಾ ಅಂತ ನೋಡ್ತಾನೆ. ಅಷ್ಟೇ ವ್ಯತ್ಯಾಸ" ಎಂದಳು. ಅವಳ ಬಾಯಿಗೆ ಬೀಳುವ ಧೈರ್ಯ ಆ ಕಾಲದಲ್ಲಿ ಯಾರಿಗೂ ಇರಲಿಲ್ಲ, ಈಗಲೂ ಇರುತ್ತಿರಲಿಲ್ಲ.

ಬೇಲಿಯೊಳಗೆ ತೊಕೆಶಿಯವರದು ಅಂತ ಉಳಿದದ್ದು ಒಂದೇ, ಹಿರಿಯರ ಗೋರಿ. ದೊಡ್ಡದೇನಲ್ಲ. ಸುಣ್ಣದ ಕಲ್ಲಿನ ದಿಬ್ಬವನ್ನು ಗವಿಯಂತೆ ಕೊರೆದು, ಬಾಯಿಗೆ ಕಲ್ಲು ಜೋಡಿಸಿ ಮುಚ್ಚಿದ್ದು. ಮೇಲೆಲ್ಲ ಮರ ಬೆಳೆದು ಬಳ್ಳಿ ಇಳಿಬಿದ್ದು, ಗೊತ್ತಿಲ್ಲದವರ ಕಣ್ಣಿಗೆ ಬರೀ ಕಾಡು. ಒಳಗೆ ಮಣ್ಣಿನ ಜಾಡಿಗಳಲ್ಲಿ ಮುತ್ತಜ್ಜ, ಮುತ್ತಜ್ಜಿಯರೆಲ್ಲ ಮೂಳೆಯಾಗಿ ಸಾಲಿನಲ್ಲಿ ಕೂತಿದ್ದರು. ಎಲ್ಲರಿಗಿಂತ ಮುಂದೆ, ಬಾಗಿಲ ಹತ್ತಿರ, ಉಶಿಯ ಗಂಡ ಜಿರೂ. ಎರಡನೇ ಮಹಾಯುದ್ಧದಲ್ಲಿ ಬದುಕಿ ಬಂದು, ಬೇಲಿ ಹಾಕುವ ಮೊದಲೇ ಜ್ವರಕ್ಕೆ ಸತ್ತವನು. ಆಗ ಮಸಾನೊರಿಗೆ ಸರಿಯಾಗಿ ಮಾತೂ ಬರುತ್ತಿರಲಿಲ್ಲ. ಉಶಿ ಮತ್ತೆ ಮದುವೆಯಾಗಲಿಲ್ಲ. ವಸಂತದಲ್ಲಿ ಹಿರಿಯರ ಪೂಜೆಯ ದಿನ ಗೇಟಿನಲ್ಲಿ ಪಾಸು ತೆಗೆದುಕೊಂಡು, ಹಂದಿಮಾಂಸ, ಕಡಲಪಾಚಿ, ಅಕ್ಕಿ ಕಡುಬು, ಒಂದು ಸೀಸೆ ಅವಾಮೊರಿ ಸಾರಾಯಿ ಹೊತ್ತು ಹೋಗಿ ಗೋರಿಯ ಮುಂದೆ ಚಾಪೆ ಹಾಸುತ್ತಿದ್ದಳು. ಉಣ್ಣುತ್ತ ಕುಡಿಯುತ್ತ ಗಂಡನಿಗೆ ಊರ ಸುದ್ದಿಯೆಲ್ಲ ಹೇಳಿ, ಏಳುವಾಗ ಕಲ್ಲು ತಟ್ಟಿ, "ಪಕ್ಕದಲ್ಲಿ ಜಾಗ ಇಟ್ಕೊಂಡಿರು. ಹಿಂದೆ ಇರೋ ನಿನ್ನ ತಮ್ಮನ್ನ ಒತ್ಕೊಂಡು ಬರೋಕೆ ಬಿಡ್ಬೇಡ" ಎನ್ನುವಳು. ಮನೆಯವರೆಲ್ಲ ನಗುತ್ತಿದ್ದರು. ನಗುವ ಮಾತಲ್ಲ ಅದು. ಬದುಕಿನಲ್ಲಿ ಅವಳು ಕೇಳಿಕೊಂಡದ್ದು ಅದೊಂದನ್ನೇ.

ಇನ್ನು ಮಸಾನೊರಿಯ ಕೆಲಸದ ಮಾತು. ಆ ಕಚೇರಿಯಲ್ಲಿ ಎರಡೇ ಜಾತಿ, ಬಂದು ಹೋಗುವವರು ಮತ್ತು ಇದ್ದಲ್ಲೇ ಇರುವವರು. ಅಮೆರಿಕದಿಂದ ಬರುವ ಇಂಜಿನಿಯರುಗಳೂ ಸೈನಿಕರಲ್ಲ, ನಮ್ಮ ನಿಮ್ಮಂತೆ ಪ್ಯಾಂಟು ಶರ್ಟಿನವರೇ. ಮೂರು ವರ್ಷಕ್ಕೆಂದು ಬರುತ್ತಾರೆ, ತುಂಬ ಇಷ್ಟವಾದರೆ ಐದು, ಆಮೇಲೆ ಕಡ್ಡಾಯವಾಗಿ ಎತ್ತಂಗಡಿ. ಜರ್ಮನಿಗೋ ಹವಾಯಿಗೋ ಹೊರಟುಬಿಡುತ್ತಾರೆ. ಮುಖ್ಯಸ್ಥನ ಕುರ್ಚಿ ಅವರದು. ಊರಿನ ಇಂಜಿನಿಯರ್ ಪಕ್ಕದ ಮೇಜಿನಲ್ಲಿ ಕೂತು, ಬಂದ ಬಂದ ಮುಖ್ಯಸ್ಥನಿಗೆಲ್ಲ ಹೊಸದಾಗಿ ಪಾಠ ಹೇಳಬೇಕು. ಇಲ್ಲಿ ಬಿರುಗಾಳಿ ಬಂದರೆ ಚಾವಣಿ ಹೀಗೆ ಹಾರುತ್ತದೆ, ಸಮುದ್ರದ ಗಾಳಿಗೆ ಕಬ್ಬಿಣ ಹೀಗೆ ತಿಂದುಹೋಗುತ್ತದೆ, ಈ ದಿಬ್ಬದ ಹೊಟ್ಟೆಯಲ್ಲಿ ಯುದ್ಧದ ಬಾಂಬು ಇದ್ದೀತು. ಅವನು ಕಲಿಯುವಷ್ಟರಲ್ಲಿ ಬೀಳ್ಕೊಡುಗೆಯ ಊಟ ಬರುತ್ತದೆ. ಮಸಾನೊರಿಯ ಹೆಸರು ನಾಲಗೆಗೆ ಸಿಗದೆ ಅವರೆಲ್ಲ ಅವನನ್ನು ಮ್ಯಾಕ್ಸ್ ಎನ್ನುತ್ತಿದ್ದರು. ಹೋಗುವ ಪ್ರತಿಯೊಬ್ಬನೂ ಭುಜ ತಟ್ಟಿ, "ಮ್ಯಾಕ್ಸ್, ನಿನ್ನನ್ನ ಅಮೆರಿಕಕ್ಕೆ ತರಬೇತಿಗೆ ಕಳಿಸೋಕೆ ಬರೆದಿದ್ದೀನಿ" ಎನ್ನುತ್ತಿದ್ದ. ಬರೆದವನು ಹೋಗುತ್ತಿದ್ದ, ಬರೆದದ್ದೂ ಅವನ ಹಿಂದೆಯೇ ಹೋಗುತ್ತಿತ್ತು.

ಇದರಿಂದ ಮಸಾನೊರಿಗೆ ಒಂದು ಬುದ್ಧಿ ಬಂದಿತ್ತು. ಮುಖ್ಯಸ್ಥರನ್ನು ಏನೂ ಕೇಳಬಾರದು. ಒಬ್ಬ ಹೂಂ ಅಂದರೆ ಮುಂದಿನವನು ಊಹೂಂ ಅನ್ನುತ್ತಾನೆ, ಕೇಳಿಸಿಕೊಂಡವನ ಕಣ್ಣಿಗೆ ನಾವು ಸಿಕ್ಕಿಬಿದ್ದದ್ದೇ ಲಾಭ. ಆಗಬೇಕಾದದ್ದನ್ನು ಸದ್ದಿಲ್ಲದೆ ನಾವೇ ಮಾಡಿಕೊಳ್ಳಬೇಕು. ಬೇಲಿಯೊಳಗೆ ದುಡಿಯುವ ನಮ್ಮವರಿಗೆಲ್ಲ ಈ ಬುದ್ಧಿ ಇದೆ, ಇದರಿಂದಲೇ ಎಷ್ಟೋ ಸಂಸಾರ ನಡೆದಿವೆ. ಮಸಾನೊರಿಯ ಸಂಸಾರ ಮುಳುಗಿದ್ದೂ ಇದರಿಂದಲೇ.

ಸೇನೆಯ ಲಾರಿಗಳ ದುರಸ್ತಿಗೆ ದೊಡ್ಡ ಶೆಡ್ ಕಟ್ಟುವುದೆಂದು ತೀರ್ಮಾನವಾಯಿತು. ಜಾಗ ಎಲ್ಲಿ ಅಂತೀರಿ? ಗೋರಿಯ ದಿಬ್ಬದ ಬುಡದಲ್ಲಿ. ಜಾಗದ ನಕ್ಷೆ ಬರೆಯುವ ಕೆಲಸ ಮಸಾನೊರಿಯ ಮೇಜಿಗೇ ಬಂತು. ಶೆಡ್ಡಿಗೆ ದಿಬ್ಬ ಬೇಕಾಗಿರಲಿಲ್ಲ, ಅದು ಮೂಲೆಯಲ್ಲಿ ತನ್ನ ಪಾಡಿಗೆ ಇರಬಹುದಿತ್ತು. ಆದರೆ ನಿಯಮ ಅಂತ ಒಂದಿತ್ತು. ಕೆಲಸದ ಗಡಿಯೊಳಗೆ ಗೋರಿ ಇದೆಯೆಂದು ನಕ್ಷೆಯಲ್ಲಿ ಬಂದರೆ, ಮನೆಯವರಿಗೆ ಹೇಳಿ ವರ್ಷದೊಳಗೆ ಅದನ್ನು ಬೇರೆಡೆಗೆ ಸಾಗಿಸಬೇಕು.

ಆ ಸಂಜೆ ಅಡುಗೆಮನೆಯಲ್ಲಿ ಉಶಿ ಹಾಗಲಕಾಯಿ ಹೆಚ್ಚುತ್ತಿದ್ದಳು. ಮಸಾನೊರಿ ಕಾಲು ಚಾಚಿ ಕೂತು, ಯಾವುದೋ ಬೇರೆ ಮಾತೆಂಬಂತೆ ಕೇಳಿದ.

"ಅಮ್ಮಾ, ಗೋರಿ ಬೇರೆ ಕಡೆ ಹಾಕೋದು ಅಂತಾದ್ರೆ ಯಾವಾಗ ಹಾಕ್ಬಹುದು?"

ಉಶಿ ಚಾಕು ನಿಲ್ಲಿಸಿದಳು. "ಯಾರೋ ಕೇಳಿದ್ದು ನಿನ್ನ? ನಿನ್ನ ದೊರೆಗಳಾ?"

"ಸುಮ್ನೆ ಕೇಳ್ದೆ."

"ನೀನು ಸುಮ್ನೆ ಕೇಳೋ ಜಾತಿ ಅಲ್ಲ. ಅಧಿಕ ಮಾಸ ಬರೋ ವರ್ಷ ಹಾಕ್ಬಹುದು. ಬೇರೆ ವರ್ಷ ಗೋರಿ ಬಾಯಿ ತೆಗೆಯೋದಿರ್ಲಿ, ಮೇಲಿನ ಹುಲ್ಲು ಕೀಳ್ಬೇಕಾದ್ರೂ ಯೋಚ್ನೆ ಮಾಡ್ಬೇಕು. ಅಧಿಕ ಮಾಸ ಯಾರ ಲೆಕ್ಕಕ್ಕೂ ಇಲ್ಲದ ತಿಂಗಳು. ಆಗ ಹಿರಿಯರನ್ನ ಎಬ್ಬಿಸಿದ್ರೆ ಯಾರ ಕಣ್ಣೂ ಬೀಳಲ್ಲ."

"ಮುಂದಿನ ಅಧಿಕ ಮಾಸ ಯಾವಾಗ?"

"ಬರೋ ವರ್ಷ ಬಿಟ್ಟು ಅದರಾಚೆ ವರ್ಷ. ಯಾಕೆ, ಅಲ್ಲೀವರೆಗೆ ನಾನು ಇರಲ್ಲ ಅನ್ಕೊಂಡ್ಯಾ?"

"ಹಂಗಲ್ಲಮ್ಮ."

"ಇರ್ತೀನಿ. ಇಲ್ದಿದ್ರೂ ಚಿಂತೆ ಇಲ್ಲ, ಬಾಯಿ ತೆಗೆದು ನನ್ನ ಒಳಗೆ ಇಟ್ರೆ ಆಯ್ತು. ಹೆಣ ಇಡೋಕೆ ಬಾಗಿಲು ತೆಗೆಯೋದಕ್ಕೆ ತಡೆ ಇಲ್ಲ. ಸಾಗಿಸೋಕೆ ಮಾತ್ರ ತೆಗೀಬಾರ್ದು." ಮತ್ತೆ ಚಾಕು ಎತ್ತಿಕೊಂಡಳು. "ನಿಮ್ಮಪ್ಪನ್ನ ಹೊತ್ತಲ್ಲದ ಹೊತ್ತಲ್ಲಿ ಎಬ್ಬಿಸಿದ್ರೆ ಅವನು ಯಾವ ಕಡೆ ಹೋಗ್ತಾನೋ, ಆಮೇಲೆ ನಾನು ಹುಡುಕ್ಕೊಂಡು ತಿರುಗಬೇಕು."

ಮಸಾನೊರಿಯ ಹೆಂಡತಿ ಸಚಿಯೆ ಒಲೆಯ ಹತ್ತಿರದಿಂದಲೇ ಅವನ ಮುಖ ನೋಡಿದಳು. ಅವಳಿಗೆ ಅರ್ಥವಾಗಿತ್ತು. ಅತ್ತೆ ಮಲಗಿದ ಮೇಲೆ ಕೇಳಿದಳು. "ಮುಖ್ಯಸ್ಥರ ಹತ್ರ ಹೇಳಿಬಿಡಬಾರ್ದೇನ್ರೀ? ಎರಡು ವರ್ಷ ಕಾಯಿರಿ ಅಂತ."

"ಹೇಳ್ಬಹುದು. ಈಗಿನವನು ಬೇಸಿಗೇಲಿ ಹೊರಟು ಹೋಗ್ತಾನೆ. ಬರೋನು ಯಾರೋ, ಎಂಥವನೋ. ಒಂದ್ಸಲ ನಕ್ಷೇಲಿ ಗೋರಿ ಅಂತ ಬಿದ್ರೆ ಗಡಿಯಾರ ಶುರು. ಆಮೇಲೆ ನಿಲ್ಸೋಕೆ ಆಗಲ್ಲ."

"ಹಂಗಾದ್ರೆ?"

"ನಕ್ಷೇಲಿ ಗೋರಿ ಬರಲ್ಲ."

ಹಾಗೇ ಮಾಡಿದ. ಗೋರಿ ಇದ್ದ ಕಡೆ ಹಸಿರು ಬಣ್ಣ ಬಳಿದು, 'ಉಳಿಸಬೇಕಾದ ಮರಗಳು' ಎಂದು ಬರೆದ. ಗೇಟಿನಲ್ಲಿ ಪಾಸು ಕೊಡುವವರಿಗೆ ಗೋರಿ ಗೊತ್ತಿತ್ತು, ಆದರೆ ಆ ಕಚೇರಿಗೂ ಈ ಕಚೇರಿಗೂ ಗಾಳಿಯೂ ಬೀಸುತ್ತಿರಲಿಲ್ಲ. ಅವನ ಲೆಕ್ಕ ಸರಳವಾಗಿತ್ತು. ಶೆಡ್ಡಿನ ಕೆಲಸ ಎರಡು ವರ್ಷ ಹಿಡಿಯುತ್ತದೆ. ಅಷ್ಟು ದಿನವೂ ಅಲ್ಲಿನ ಉಸ್ತುವಾರಿ ತನ್ನದೇ. ಅಧಿಕ ಮಾಸ ಬಂದಾಗ, ಅರೆ, ಮರಗಳ ನಡುವೆ ಗೋರಿಯೊಂದು ಸಿಕ್ಕಿತಲ್ಲ ಎಂದು ತಾನೇ ಕಂಡುಹಿಡಿದು, ಶಾಸ್ತ್ರಬದ್ಧವಾಗಿ ಸಾಗಿಸಿದರಾಯಿತು. ಯಾರಿಗೂ ನಷ್ಟವಿಲ್ಲ. ಅಮ್ಮನಿಗೆ ಗೊತ್ತಾಗುವುದೂ ಬೇಡ. ನಿಜ ಹೇಳಬೇಕೆಂದರೆ, ನಾನು ಅವನ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ.

ಬೇಸಿಗೆಯಲ್ಲಿ ಹಳೆಯ ಮುಖ್ಯಸ್ಥ ಹೋಗಿ ಪ್ರೂಯಿಟ್ ಎಂಬವನು ಬಂದ. ಆಳು ಎತ್ತರ, ಮಾತು ಕಡಿಮೆ. ಮೊದಲ ದಿನವೇ ಮಸಾನೊರಿಯ ಮೇಜಿನ ಬಳಿ ನಿಂತು, "ನಿಮ್ಮ ಹೆಸರು ಮ್ಯಾಕ್ಸ್ ಅಲ್ಲ ಅಂತ ಕಾಣತ್ತೆ. ಸರಿಯಾದ ಹೆಸರು ಹೇಗೆ ಹೇಳೋದು?" ಎಂದು ಕೇಳಿ, ನಾಲ್ಕು ಸಲ ತಪ್ಪಿ, ಐದನೆಯ ಸಲ ತೊಕೆಶಿ ಎಂದು ಸರಿಯಾಗಿ ಹೇಳಿದ. ಮಸಾನೊರಿ ಮನೆಗೆ ಬಂದು ಅದನ್ನು ಹೇಳಿದಾಗ ಉಶಿ, "ಹುಷಾರು ಕಣೋ. ಹೆಸರು ಕಲಿಯೋನು ಕೆಲಸ ಜಾಸ್ತಿ ಹೇಳ್ತಾನೆ" ಎಂದಳು.

ಚಳಿಗಾಲದಲ್ಲಿ ಪ್ರೂಯಿಟ್ ಅವನನ್ನು ಕರೆದು, ಅಮೆರಿಕದ ತರಬೇತಿಗೆ ಒಪ್ಪಿಗೆ ಬಂದಿದೆ ಎಂದ. ಎರಡು ವಾರ. ಈ ಕಚೇರಿಯ ಊರಿನ ಇಂಜಿನಿಯರುಗಳಲ್ಲಿ ಹೋಗುವವನು ಇವನೇ ಮೊದಲಿಗ. ಮಸಾನೊರಿಗೆ ಕಣ್ಣು ತುಂಬಿತು. ಐವತ್ತರ ಹತ್ತಿರದ ಗಂಡಸು, ಮೇಜಿನ ಅಂಚು ಹಿಡಿದು ನಿಂತ. ಮರುಗಳಿಗೆಗೆ ದಿಬ್ಬ ನೆನಪಾಯಿತು. ಹೋಗುವುದಿಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ. ಅದೂ ಅಲ್ಲದೆ, ಯಾಕೆ ಮುಚ್ಚುಮರೆ, ಅವನಿಗೆ ಹೋಗಬೇಕೆಂಬ ಆಸೆ ಇತ್ತು. ಆಯುಸ್ಸೆಲ್ಲ ಬೇರೆಯವರಿಗೆ ಬೀಳ್ಕೊಡುಗೆ ಊಟ ಹಾಕಿಸಿದವನಿಗೆ ಒಂದು ಸಲ ವಿಮಾನ ಹತ್ತಬೇಕೆಂದು ಅನ್ನಿಸಿದರೆ ತಪ್ಪೇ?

ಹೊರಡುವ ಮುನ್ನ ಕಿರಿಯ ಇಂಜಿನಿಯರ್ ಕುನಿಯೊಶಿಯನ್ನು ದಿಬ್ಬದ ಬಳಿ ಕರೆದುಕೊಂಡು ಹೋದ. ಕುನಿಯೊಶಿ ದ್ವೀಪದ ಉತ್ತರದವನು. ಕೆಲಸದಲ್ಲಿ ಚುರುಕು, ಬಾಯಿ ಅದಕ್ಕಿಂತ ಚುರುಕು.

"ಈ ಮರಗಳಿವೆಯಲ್ಲ, ನಾನು ಬರೋವರೆಗೂ ಯಾರೂ ಮುಟ್ಟಬಾರ್ದು."

"ಅಣ್ಣಾ, ಇವೇನು ಚಿನ್ನದ ಮರಗಳಾ? ಬರೀ ಕಾಡು ಗಿಡ."

"ಉಳಿಸಬೇಕಾದ ಮರಗಳು ಅಂತ ನಕ್ಷೇಲೇ ಇದೆ."

"ಇದೆ, ಇದೆ. ಅಮೆರಿಕಕ್ಕೆ ಹೋಗೋರು ಗಿಡಕ್ಕೂ ಕಾವಲು ಇಟ್ಟು ಹೋಗ್ತಾರೆ. ನಾನು ನೀರೂ ಹಾಕ್ಲಾ?"

"ತಮಾಷೆ ಬೇಡ, ಕುನಿಯೊಶಿ."

"ಸರಿ ಅಣ್ಣಾ. ಮುಟ್ಟೋಕೆ ಬಿಡಲ್ಲ. ನೀನು ಹೋಗಿ ಬಾ."

ಆ ಹೊತ್ತಿಗೆ ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದು ನಮ್ಮ ಗೋರಿ ಕಣೋ ಎಂದಿದ್ದರೆ ಕುನಿಯೊಶಿ ಬುಲ್ಡೋಜರಿನ ಮುಂದೆ ಅಡ್ಡ ಮಲಗುತ್ತಿದ್ದ. ಮಾತು ಬಾಯಿಯವರೆಗೂ ಬಂದಿತ್ತಂತೆ. ಕಿರಿಯವನ ಎದುರು ಸುಳ್ಳು ನಕ್ಷೆ ಬರೆದೆ ಎಂದು ಹೇಳಲು ನಾಚಿಕೆಯಾಗಿ ನುಂಗಿಕೊಂಡ. ಅವನೇ ನನ್ನ ಹತ್ತಿರ ಹೇಳಿಕೊಂಡ ಮಾತಿದು.

ಅಮೆರಿಕದಲ್ಲಿ ಆ ಎರಡು ವಾರ ಅವನು ಸುಖವಾಗಿದ್ದ. ಬೇರೆ ಬೇರೆ ದೇಶಗಳಲ್ಲಿ ಅದೇ ಕೆಲಸ ಮಾಡುವವರ ನಡುವೆ ಕೂತ. ಬಿರುಗಾಳಿಗೆ ಚಾವಣಿ ಹೇಗೆ ಕಟ್ಟಬೇಕೆಂದು ಅವನು ಎದ್ದು ಹೇಳಿದಾಗ ಎಲ್ಲರೂ ಬರೆದುಕೊಂಡರು. ಫೋನಿನಲ್ಲಿ ಸಚಿಯೆಗೆ, "ಇಲ್ಲಿನ ಅನ್ನ ಗಂಟಲಲ್ಲಿ ಇಳಿಯಲ್ಲ, ಉಳಿದಿದ್ದೆಲ್ಲ ಚೆನ್ನಾಗಿದೆ" ಎಂದ. ಅತ್ತ ಕಡೆಯಿಂದ ಉಶಿ ರಿಸೀವರ್ ಕಿತ್ತುಕೊಂಡು, "ಹೊಟ್ಟೆ ತುಂಬ ತಿನ್ನು. ಅವ್ರು ನಮ್ಮದು ತಿಂದಿದ್ದಕ್ಕೆ ಇದು ಬಡ್ಡಿಗೂ ಸಾಲಲ್ಲ" ಎಂದಳು. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಅವನು ಅಲ್ಲಿ ನಗುತ್ತಿರುವಾಗ ಇಲ್ಲಿ ಸೇನೆಯವರು ಹೊಸ ಲಾರಿಗಳು ಬರುತ್ತವೆ, ಅವು ಹಳೆಯವಕ್ಕಿಂತ ಉದ್ದ, ತಿರುಗಿಸಲು ಜಾಗ ಸಾಲದು ಎಂದರು. ದಿಬ್ಬವನ್ನು ಸ್ವಲ್ಪ ಕಡಿದು, ಅದೇ ಮಣ್ಣಿನಿಂದ ಕೆಳಗಿನ ತಗ್ಗು ತುಂಬಿಸಿ ಲಾರಿ ನಿಲ್ಲಿಸುವ ಜಾಗ ಮಾಡಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತದೆ. ಪ್ರೂಯಿಟ್ ನಕ್ಷೆ ಬಿಡಿಸಿ ನೋಡಿದ. ಕುನಿಯೊಶಿ ಕೊಟ್ಟ ಮಾತಿನಂತೆ ಅಡ್ಡ ಬಂದ. ಅವು ಉಳಿಸಬೇಕಾದ ಮರಗಳು ಎಂದ. ಪ್ರೂಯಿಟ್ ಒಪ್ಪಿದ, ಒಪ್ಪಿ ಮರ ಗಿಡ ಬಲ್ಲವರನ್ನು ಕರೆಸಿ ತೋರಿಸಿದ. ಅವರು ಬಂದು ನೋಡಿ, ಇದರಲ್ಲಿ ಉಳಿಸುವಂಥ ಮರ ಒಂದೂ ಇಲ್ಲ, ದ್ವೀಪದ ತುಂಬ ಬೆಳೆಯುವ ಕಾಡುಮರ ಎಂದರು. ಅದು ನಿಜವೇ. ಕುನಿಯೊಶಿ ಪಕ್ಕಕ್ಕೆ ಸರಿದ. ಯುದ್ಧದ ಬಾಂಬು ಹುಡುಕುವವರು ಯಂತ್ರ ಹಿಡಿದು ದಿಬ್ಬದ ಮೇಲೆಲ್ಲ ಓಡಾಡಿ, ಏನೂ ಇಲ್ಲ ಎಂದರು. ಆ ಯಂತ್ರ ಕಬ್ಬಿಣಕ್ಕೆ ಕೂಗುತ್ತದೆ, ಮೂಳೆಗೆ ಕೂಗುವುದಿಲ್ಲ.

ಬುಲ್ಡೋಜರ್ ಓಡಿಸಿದವನು ಜಪಾನಿನ ಮುಖ್ಯ ದ್ವೀಪದಿಂದ ಬಂದ ಗುತ್ತಿಗೆದಾರನ ಆಳು, ಇಲ್ಲಿನ ಗೋರಿ ಕಂಡವನಲ್ಲ. ಮೇಲಿನಿಂದ ಕಡಿಯುತ್ತ ಬಂದವನಿಗೆ ಒಳಗೆ ಟೊಳ್ಳು ಸಿಕ್ಕಿ ಕುಸಿಯಿತು. ಯುದ್ಧದಲ್ಲಿ ಜನ ಅಡಗಿಕೊಂಡ ಗವಿಗಳು ಇಲ್ಲಿ ಎಲ್ಲೆಲ್ಲೂ ಇವೆಯಲ್ಲ, ಅಂಥದ್ದೇ ಒಂದು ಅಂದುಕೊಂಡ. ತಳ್ಳಿದ, ತುಂಬಿದ, ಲಾರಿಗಳು ಹೊತ್ತುಕೊಂಡು ಹೋಗಿ ತಗ್ಗಿಗೆ ಸುರಿದವು, ರೋಲರ್ ಅದರ ಮೇಲೆ ಓಡಾಡಿತು. ಮರುದಿನವೂ ಅದೇ ಕೆಲಸ ನಡೆಯಿತು. ಮೂರನೆಯ ದಿನ ಮಣ್ಣು ಸುರಿಯುತ್ತಿದ್ದ ನಮ್ಮೂರಿನ ಡ್ರೈವರ್ ಒಬ್ಬನ ಕಣ್ಣಿಗೆ ಹೊಳಪಿನ ಜಾಡಿಯ ಚೂರು ಬಿತ್ತು. ಅವನು ಇಳಿದು ನೋಡಿ, ಅಲ್ಲೇ ಮಣ್ಣಿನಲ್ಲಿ ಮಂಡಿಯೂರಿ ಕೂತುಬಿಟ್ಟನಂತೆ.

ನಾಹಾ ವಿಮಾನ ನಿಲ್ದಾಣಕ್ಕೆ ಮಸಾನೊರಿಯನ್ನು ಕರೆದುಕೊಂಡು ಹೋಗಲು ಸಚಿಯೆ ಬರಲಿಲ್ಲ. ಕುನಿಯೊಶಿ ಬಂದಿದ್ದ. ಪೆಟ್ಟಿಗೆ ತೆಗೆದುಕೊಂಡ, ತಮಾಷೆ ಮಾಡಲಿಲ್ಲ. ಕಾರು ನಿಲ್ದಾಣದ ಹೊರಗೆ ಬಂದ ಮೇಲೆ ರಸ್ತೆಯ ಪಕ್ಕಕ್ಕೆ ನಿಲ್ಲಿಸಿ ಹೇಳಿದ. ಪೂರ್ತಿ ಹೇಳಿದ. ಕೊನೆಗೆ ಸ್ಟಿಯರಿಂಗ್ ಹಿಡಿದ ಕೈ ನೋಡುತ್ತ, "ಅಣ್ಣಾ, ನೀನು ಮರ ಅಂದೆ" ಎಂದ.

"ಹೂಂ."

"ನನ್ನ ಹತ್ರಾನೂ ಮರ ಅಂದೆ."

"ಹೂಂ, ಅಂದೆ."

"ನಾನು ಎರಡು ದಿನ ಅಲ್ಲೇ ನಿಂತು ನೋಡ್ತಿದ್ದೆ, ಅಣ್ಣಾ. ಕೆಲಸ ಬೇಗ ಆಗ್ತಿದೆ ಅಂತ ಖುಷಿಪಟ್ಟೆ." ಕುನಿಯೊಶಿ ಅತ್ತುಬಿಟ್ಟ. ಮಸಾನೊರಿಗೆ ಅಳು ಬರಲಿಲ್ಲ.

ಮನೆಗೆ ಹೋಗಲಿಲ್ಲ, ನೇರ ದಿಬ್ಬಕ್ಕೆ ಹೋದ. ದಿಬ್ಬವಿದ್ದ ಕಡೆ ಬಿಳಿಯ ಕಲ್ಲಿನ ಗೋಡೆ ಹಸಿಯಾಗಿ ನಿಂತಿತ್ತು. ಕೆಳಗೆ ತಗ್ಗಿನಲ್ಲಿ ಆಳುಗಳು ಮಣ್ಣು ಅಗೆದು ಜರಡಿ ಹಿಡಿಯುತ್ತಿದ್ದರು. ಪ್ರೂಯಿಟ್ ತಾನೇ ಮುಂದೆ ನಿಂತಿದ್ದ, ಮೊಣಕೈವರೆಗೆ ಮಣ್ಣಾಗಿತ್ತು. ಸಿಕ್ಕಿದ್ದನ್ನು ಬಿಳಿ ಬಟ್ಟೆ ಹಾಸಿದ ಮರದ ಪೆಟ್ಟಿಗೆಗಳಲ್ಲಿ ಇಡುತ್ತಿದ್ದರು. ಬಹಳವೇನೂ ಸಿಕ್ಕಿರಲಿಲ್ಲ. ರೋಲರ್ ಹೋದ ಮೇಲೆ ಹಳೆಯ ಮೂಳೆ ಯಾವುದು, ಸುಣ್ಣದ ಕಲ್ಲಿನ ಪುಡಿ ಯಾವುದು ಎಂದು ಹೇಳುವುದು ಹೇಗೆ?

ಪ್ರೂಯಿಟ್ ಕೈ ಒರೆಸಿಕೊಂಡು ಅವನನ್ನು ಪಕ್ಕಕ್ಕೆ ಕರೆದ. ಬೈಯುತ್ತಾನೆ, ಕೆಲಸದಿಂದ ತೆಗೆಯುತ್ತಾನೆ ಎಂದುಕೊಂಡಿದ್ದ ಮಸಾನೊರಿ. ಅದೇ ಆಗಲಿ ಎಂದೂ ಅವನಿಗೆ ಅನ್ನಿಸಿತ್ತು.

"ಮಿಸ್ಟರ್ ತೊಕೆಶಿ, ನಿಮ್ಮದೇ ಗೋರಿ ಅಂತೆ."

"ಹೌದು."

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ಬಾಯಿ ತೆಗೆಯೋಕೆ ಒಂದು ವರ್ಷ ಬರಬೇಕು. ಅಲ್ಲೀವರೆಗೆ ತಳ್ಳೋಣ ಅಂತ..."

"ಯಾವ ವರ್ಷ?"

"ಮುಂದಿನ ವರ್ಷ."

ಪ್ರೂಯಿಟ್ ಜರಡಿಯ ಕಡೆ ತಿರುಗಿ ನೋಡಿದ. "ಅಷ್ಟೇನಾ? ಹವಾಯಿಯಲ್ಲಿ ಒಂದು ಮನೆಯವರಿಗೋಸ್ಕರ ನಾನು ಮೂರು ವರ್ಷ ರಸ್ತೆ ನಿಲ್ಲಿಸಿದ್ದೆ. ಗೋರಿ ಅಂತ ಬರೆದು, ಜೊತೆಗೆ ಸಮಯ ಕೊಡಿ ಅಂತ ಒಂದು ಸಾಲು ಬರೆದಿದ್ರೆ ಸಾಕಿತ್ತು. ಕೇಳಿದೋರಿಗೆ ಕೊಡ್ತಾರೆ. ಯಾರೂ ಕೇಳಿಲ್ವಾ ಇಲ್ಲಿ?"

ಇಲ್ಲಿ ಯಾರೂ ಕೇಳಿರಲಿಲ್ಲ. ಇಷ್ಟು ಮುಖ್ಯಸ್ಥರು ಬಂದು ಹೋದರು, ಇಷ್ಟು ಕಟ್ಟಡ ಎದ್ದವು, ಬಾಯಿ ಬಿಟ್ಟು ಕೇಳಿದವನು ಒಬ್ಬನೂ ಇಲ್ಲ. ಮಸಾನೊರಿ ತಲೆ ಬಗ್ಗಿಸಿ, ಕ್ಷಮಿಸಿ ಎಂದ. ಯಾರಿಗೆ ಯಾತಕ್ಕೆ ಕ್ಷಮೆ ಕೇಳುತ್ತಿದ್ದೇನೆಂದು ಅವನಿಗೇ ತಿಳಿಯಲಿಲ್ಲ. ಅವನನ್ನು ಕೆಲಸದಿಂದ ಯಾರೂ ತೆಗೆಯಲಿಲ್ಲ. ವಾರಗಟ್ಟಲೆ ಜರಡಿ ಹಿಡಿದು, ಇನ್ನು ಏನೂ ಸಿಗುವುದಿಲ್ಲ ಎಂದಾದ ಮೇಲೆ ಕೆಲಸ ಮುಂದುವರಿಯಿತು. ತಗ್ಗಿನ ಮೇಲೆ ಡಾಂಬರು ಬಿತ್ತು. ಅದು ಸರಿಯಾಗಿ ಕೂತಿದೆಯೇ ಎಂದು ಪರೀಕ್ಷೆ ಮಾಡಿದವನು ಮಸಾನೊರಿಯೇ. ಅದು ಅವನ ಕೆಲಸವಾಗಿತ್ತು.

ಉಶಿಗೆ ಅವನು ಬರುವ ಮೊದಲೇ ಸುದ್ದಿ ಮುಟ್ಟಿತ್ತು, ಡ್ರೈವರನ ಹೆಂಡತಿ ಬಂದು ಹೇಳಿದ್ದಳು. ಮಸಾನೊರಿ ಮನೆಯೊಳಗೆ ಕಾಲಿಟ್ಟು ತಾಯಿಯ ಎದುರು ನೆಲಕ್ಕೆ ಹಣೆ ಹಚ್ಚಿದ. ಅವಳು ಹೊಡೆಯಲಿ, ಶಪಿಸಲಿ ಎಂದು ಕಾದ.

"ಊಟ ಮಾಡಿದ್ಯಾ?" ಎಂದಳು.

"ಅಮ್ಮಾ..."

"ವಿಮಾನದಲ್ಲಿ ಏನು ಕೊಡ್ತಾರೋ ಏನೋ. ಸಚಿಯೆ, ಇವನಿಗೆ ಅನ್ನ ಹಾಕು." ಎದ್ದು ತನ್ನ ಕೋಣೆಗೆ ಹೋದಳು. ಆಮೇಲೆ ವರ್ಷವಿಡೀ ಅವಳು ಅವನನ್ನು ಬೈಯಲಿಲ್ಲ. ಅಷ್ಟು ಬಾಯಿ ಮಾಡುತ್ತಿದ್ದ ಹೆಂಗಸು ಉಪ್ಪು ಕೊಡು, ಬಾಗಿಲು ಹಾಕು ಎನ್ನುವ ಮಾತುಗಳಲ್ಲೇ ದಿನ ತಳ್ಳಿದಳು. "ಅತ್ತೆ ಒಂದ್ಸಲ ನಿಮ್ಮನ್ನ ಚೆನ್ನಾಗಿ ಬೈದ್ರೆ ಸಾಕಾಗಿತ್ತು" ಎಂದು ಸಚಿಯೆ ಗಂಡನ ಹತ್ತಿರ ಅಳುತ್ತಿದ್ದಳು.

ಪೆಟ್ಟಿಗೆಗಳು ಬೌದ್ಧ ದೇವಾಲಯವೊಂದರಲ್ಲಿ ಕಾದವು. ಅಧಿಕ ಮಾಸದ ವರ್ಷ ಬಂತು. ದ್ವೀಪದಲ್ಲಿ ಎಲ್ಲೆಲ್ಲೂ ಗೋರಿ ಕಟ್ಟುವವರು, ಸಾಗಿಸುವವರು, ಕಲ್ಲು ಕೆಲಸದವರಿಗೆ ಉಸಿರಾಡಲು ಪುರುಸೊತ್ತಿಲ್ಲ. ಮಸಾನೊರಿ ಪುರಸಭೆಯ ಸ್ಮಶಾನದಲ್ಲಿ ಕಾಂಕ್ರೀಟಿನ ಹೊಸ ಗೋರಿ ಕಟ್ಟಿಸಿದ. ನೀರು ಒಳಗೆ ಬರದ ಹಾಗೆ, ಬಿರುಗಾಳಿಗೆ ಅಲುಗದ ಹಾಗೆ ಕಟ್ಟಿಸಿದ, ಅದರಲ್ಲಿ ಅವನನ್ನು ಮೀರಿಸುವವರಿಲ್ಲ. ಒಳಗಿಡುವ ದಿನ ಪೆಟ್ಟಿಗೆಗಳನ್ನು ಚಾಪೆಯ ಮೇಲೆ ಇಳಿಸಿದಾಗ ಉಶಿ, "ಎಲ್ಲರೂ ಆಚೆ ನಿಲ್ರಿ. ನಾನು ನೋಡ್ಬೇಕು" ಎಂದಳು.

ಜಿರೂನನ್ನು ಗೋರಿಯಲ್ಲಿಟ್ಟು ಕೆಲವು ವರ್ಷಗಳಾದ ಮೇಲೆ ಅವನ ಮೂಳೆಗಳನ್ನು ತೆಗೆದು, ಅವಾಮೊರಿಯಲ್ಲಿ ತೊಳೆದು ಜಾಡಿಗೆ ತುಂಬಿದವಳು ಅವಳೇ. ಆ ಕಾಲದಲ್ಲಿ ಅದು ಮನೆಯ ಹೆಂಗಸರ ಕೆಲಸ. ಒಂದೊಂದನ್ನೂ ಕೈಯಲ್ಲಿ ಹಿಡಿದು ಒರೆಸಿದ್ದಳು. ಈಗ ಪೆಟ್ಟಿಗೆಗಳ ಮುಂದೆ ಕೂತು, ಚೂರುಗಳನ್ನು ಒಂದೊಂದಾಗಿ ಎತ್ತಿ ಬೆರಳಿನಿಂದ ಸವರಿ, ಅಲ್ಲ ಎಂದು ಪಕ್ಕಕ್ಕಿಡುತ್ತ ಹೋದಳು. ಬಿಸಿಲು ಏರಿತು, ಇಳಿಯಿತು. ಸಚಿಯೆ ಛತ್ರಿ ಹಿಡಿದು ನಿಂತಳು. ಕೊನೆಗೆ ಉಶಿ ಕಾಲಿನ ಮೂಳೆಯೊಂದನ್ನು ಎತ್ತಿಕೊಂಡಳು. ನಡುವೆ ಮುರಿದು ಸೊಟ್ಟಗೆ ಕೂಡಿಕೊಂಡ ಮೂಳೆ. ಯುದ್ಧದಲ್ಲಿ ಮುರಿದದ್ದು, ಡಾಕ್ಟರಿಲ್ಲದೆ ತಾನೇ ಕೂಡಿಕೊಂಡದ್ದು.

"ಇದು ಅವನು" ಎಂದಳು.

ಮಸಾನೊರಿ ಹತ್ತಿರ ಬಂದ. "ಇನ್ನುಳಿದಿದ್ದು, ಅಮ್ಮಾ?"

"ಇಷ್ಟೇ. ಉಳಿದೋರೆಲ್ಲ ಬೇರೆಯೋರು. ನಿನ್ನ ಅಜ್ಜ, ಅಜ್ಜಿ, ನಿನ್ನ ಚಿಕ್ಕಪ್ಪನೂ ಇದಾನೆ, ಅವನ ಹಲ್ಲು ನೋಡಿದ್ರೆ ಗೊತ್ತಾಗತ್ತೆ. ನಿಮ್ಮಪ್ಪಂದು ಈ ಒಂದು ಕಾಲು." ಮೂಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಮುಂದೆ ಇದ್ನಲ್ಲ, ಬಾಗಿಲ ಹತ್ರ. ಮೊದಲ ಲಾರಿಯಲ್ಲೇ ಹೋಗಿರ್ಬೇಕು."

ಉಶಿ ತಲೆ ಎತ್ತಿ ಮಗನನ್ನು ನೋಡಿದಳು. ವರ್ಷದ ಮೇಲೆ ಮೊದಲ ಸಲ ಅವಳ ದನಿ ಹಳೆಯ ದನಿಯಾಗಿತ್ತು.

"ನೀನು ಇಂಜಿನಿಯರು. ನೀನೇ ಹೇಳು. ಒಂದು ಕಾಲು ಇಲ್ಲಿದೆ, ಉಳಿದ ಗಂಡಸು ಲಾರಿಗಳ ಕೆಳಗೆ ಇದಾನೆ. ನನ್ನ ಎಲ್ಲಿ ಮಲಗಿಸ್ತೀಯ? ಇಲ್ಲಿ ಮಲಗಿದ್ರೆ ಅವನಿಲ್ಲ. ಅಲ್ಲಿಗೆ ನನ್ನ ಯಾರೂ ಬಿಡಲ್ಲ. ನಾನು ಯಾರ ಪಕ್ಕ ಮಲಗ್ಲಿ, ನಿನ್ನ ಚಿಕ್ಕಪ್ಪನ ಪಕ್ಕಾನಾ?"

ಮಸಾನೊರಿ ಪೆಟ್ಟಿಗೆಯ ಬಿಳಿ ಬಟ್ಟೆ ಸರಿಮಾಡತೊಡಗಿದ.

"ಹೇಳೋ. ಇದಕ್ಕೂ ಒಂದು ನಕ್ಷೆ ಬರಿ."

ಮರುವರ್ಷ ಬಿರುಗಾಳಿಯ ಕಾಲದಲ್ಲಿ ಉಶಿ ತೀರಿಕೊಂಡಳು. ಸಾಯುವ ಮುಂಚೆ ಏನನ್ನೂ ಕೇಳಲಿಲ್ಲ. ಈಗಿನ ರೂಢಿಯಂತೆ ಸುಟ್ಟ ಮೇಲೆ, ಅವಳ ಬೂದಿಯ ಮಡಕೆಯನ್ನು ಮಸಾನೊರಿ ಮನೆಗೆ ತಂದು ಹಿರಿಯರ ಪೂಜೆಯ ಗೂಡಿನ ಪಕ್ಕ ಇಟ್ಟ. ಹೊಸ ಗೋರಿಗೆ ಒಯ್ಯಲಿಲ್ಲ, ಸಮುದ್ರಕ್ಕೂ ಬಿಡಲಿಲ್ಲ. ಬೆಳಿಗ್ಗೆ ಅದರ ಮುಂದೆ ಚಹಾ ಇಟ್ಟು, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು, ಬೇಲಿಯೊಳಗೆ ಕೆಲಸಕ್ಕೆ ಹೋಗಿ ಬರುತ್ತಿದ್ದ. ಪ್ರೂಯಿಟ್ ಹೋದ, ಅವನಿಗೆ ಬೀಳ್ಕೊಡುಗೆ ಊಟ ಹಾಕಿಸಿದ. ಇನ್ನೊಬ್ಬ ಬಂದ, ಅವನಿಗೆ ಬಿರುಗಾಳಿಯ ಪಾಠ ಹೇಳಿದ. ಆಮೇಲೆ ತಾನೂ ನಿವೃತ್ತನಾದ. ಮಡಕೆ ಈಗಲೂ ಮನೆಯಲ್ಲೇ ಇದೆ. ನೆಂಟರಿಷ್ಟರು ಬಂದಾಗಲೆಲ್ಲ, ಅಮ್ಮನನ್ನು ಯಾವಾಗ ಒಳಗಿಡುತ್ತೀಯ ಎಂದು ಕೇಳುತ್ತಾರೆ. ಮಸಾನೊರಿ ಅವರಿಗೆ ಚಹಾ ಬಗ್ಗಿಸುತ್ತ, ನೋಡೋಣ ಎನ್ನುತ್ತಾನೆ.